ಶತ್ರುವಿಲ್ಲದ ಆಕಾಶದಲ್ಲಿ ಸತ್ತವರು

ವೇಲ್ಸ್‌ನ ಬ್ರೆಕಾನ್ ಬೀಕನ್ಸ್ ಸಾಲಿನಲ್ಲಿ ವೌನ್ ರಿದ್ ಎಂಬ ಬೆಟ್ಟವಿದೆ. ಎತ್ತರ 769 ಮೀಟರ್. ಅದರ ಇಳಿಜಾರಿನಲ್ಲಿ ಕಲ್ಲು ಪೇರಿಸಿದ ಒಂದು ಗುಡ್ಡೆ, ಸುತ್ತ ಹುಲ್ಲಿನಲ್ಲಿ ಮುದುಡಿ ಬಿದ್ದ ಲೋಹದ ತುಂಡುಗಳು, ಸತ್ತವರ ನೆನಪಿಗೆ ಇಟ್ಟುಹೋದ ಕೆಂಪು ಗಸಗಸೆ ಹೂಗಳು. 1942ರ ಜುಲೈ 6ರಂದು ವೆಲಿಂಗ್ಟನ್ ಬಾಂಬರ್ ಆರ್1465, ವೆಲ್ಸ್‌ಬೋರ್ನ್ ಮೌಂಟ್‌ಫೋರ್ಡ್ ವಾಯುನೆಲೆಯಿಂದ ರಾತ್ರಿ ಹಾರಾಟದ ತರಬೇತಿಗೆ ಹೊರಟಿತ್ತು. ಮೋಡದಲ್ಲಿ ದಾರಿ ತಪ್ಪಿತು. ಎಲ್ಲಿದ್ದೇವೆಂದು ತಿಳಿಯಲು ಕೆಳಗಿಳಿದಾಗ ಎದುರಾದದ್ದು ಈ ಬೆಟ್ಟ. ಒಳಗಿದ್ದ ಐವರೂ ಕೆನಡಾದವರು. ಒಬ್ಬರೂ ಉಳಿಯಲಿಲ್ಲ.

ಅವರು ರಾತ್ರಿಯಲ್ಲೇ ಏಕೆ ಕಲಿಯಬೇಕಿತ್ತು? ಎರಡನೇ ಮಹಾಯುದ್ಧದ ಆರಂಭದಲ್ಲಿ ಬ್ರಿಟನ್ ಹಗಲಲ್ಲೇ ದಾಳಿ ಮಾಡಬಹುದೆಂದು ನಂಬಿತ್ತು. 1939ರ ಡಿಸೆಂಬರ್ 18ರಂದು ಜರ್ಮನಿಯ ಕರಾವಳಿಯ ಹೆಲಿಗೋಲ್ಯಾಂಡ್ ಕೊಲ್ಲಿಯ ಮೇಲೆ ಹೋದ 22 ವೆಲಿಂಗ್ಟನ್‌ಗಳಲ್ಲಿ 12 ನಾಶವಾದವು. ಆ ನಂಬಿಕೆ ಅಲ್ಲಿಗೆ ಮುಗಿಯಿತು. ಬಾಂಬರ್‌ಗಳು ಕತ್ತಲನ್ನು ಮರೆ ಮಾಡಿಕೊಂಡವು, ಆದರೆ ಕತ್ತಲಲ್ಲಿ ಗುರಿ ಕಾಣುತ್ತಿರಲಿಲ್ಲ. ಗುರಿಯ ಮೇಲೆ ದಾಳಿ ಮಾಡಿದ್ದಾಗಿ ಹೇಳಿದ ವಿಮಾನಗಳಲ್ಲಿ ಎಂಟು ಕಿಲೋಮೀಟರ್ ಒಳಗೆ ತಲುಪಿದ್ದು ಮೂರರಲ್ಲಿ ಒಂದು ಮಾತ್ರ ಎಂದು ದಾಳಿಯ ಛಾಯಾಚಿತ್ರಗಳನ್ನು ಪರಿಶೀಲಿಸಿದ 1941ರ ಆಗಸ್ಟ್‌ನ ಬಟ್ ವರದಿ ಬಯಲು ಮಾಡಿತು. ದಾರಿ ಹುಡುಕುವುದೇ ದೊಡ್ಡ ವಿದ್ಯೆ ಎಂದು ಆಗ ಮನವರಿಕೆಯಾಯಿತು.

ಆ ವಿದ್ಯೆ ಹೀಗಿತ್ತು: ದಿಕ್ಸೂಚಿ, ವೇಗ, ಗಡಿಯಾರ ನೋಡಿ, ಗಾಳಿಯನ್ನು ಅಂದಾಜಿಸಿ ಲೆಕ್ಕ ಹಾಕುವುದು. ಗಾಳಿಯ ಲೆಕ್ಕ ಗಂಟೆಗೆ 25 ಕಿಲೋಮೀಟರ್ ತಪ್ಪಿದರೆ, ಒಂದು ಗಂಟೆ ಹಾರಿದ ವಿಮಾನ ತಾನಿರಬೇಕಾದ ಜಾಗದಿಂದ 25 ಕಿಲೋಮೀಟರ್ ದೂರದಲ್ಲಿರುತ್ತದೆ. ಎತ್ತರಮಾಪಕವನ್ನು ನಂಬೋಣವೆಂದರೆ ಅದು ಅಳೆಯುವುದು ಗಾಳಿಯ ಒತ್ತಡವನ್ನು. ಕೆಳಗೆ ಬಯಲಿದೆಯೋ ಬೆಟ್ಟವಿದೆಯೋ ಅದಕ್ಕೆ ಗೊತ್ತಾಗದು. ಒತ್ತಡ 10 ಮಿಲಿಬಾರ್ ಕುಸಿದಿದ್ದರೆ ಸುಮಾರು 80 ಮೀಟರ್ ಹೆಚ್ಚು ಎತ್ತರ ತೋರಿಸುತ್ತದೆ. ನೆಲದಲ್ಲಿ ದೀಪವಿಲ್ಲ, ಶತ್ರು ವಿಮಾನಗಳ ಭಯಕ್ಕೆ ಇಡೀ ದೇಶ ಕತ್ತಲಾಗಿತ್ತು.

ನನ್ನನ್ನು ಹೆಚ್ಚು ಕಾಡುವುದು ಇದು. ಬ್ರಿಟನ್ ಮತ್ತು ಕಾಮನ್‌ವೆಲ್ತ್ ದೇಶಗಳು 1939ರ ಡಿಸೆಂಬರ್ 17ರಂದು ಮಾಡಿಕೊಂಡ ವೈಮಾನಿಕ ತರಬೇತಿ ಒಪ್ಪಂದದಂತೆ ಕೆನಡಾದಲ್ಲಿ 1,31,000ಕ್ಕೂ ಹೆಚ್ಚು ವೈಮಾನಿಕರು ತರಬೇತಿ ಪಡೆದರು. ಅಲ್ಲಿನ ಹುಲ್ಲುಗಾವಲುಗಳ ಮೇಲೆ ಕಣ್ಣು ಹಾಯುವಷ್ಟು ದೂರ ಬಯಲು, ರಾತ್ರಿ ಊರುಗಳ ಬೆಳಕು. ಅಲ್ಲಿ ಕಲಿತ ಹುಡುಗರು ಬ್ರಿಟನ್ನಿನ ಮೋಡ, ಬೆಟ್ಟ, ಕತ್ತಲಿಗೆ ಬಂದಿಳಿದರು. ಕೊನೆಯ ಹಂತದ ತರಬೇತಿ ಘಟಕಗಳಲ್ಲಿ ಅವರ ಕೈಗೆ ಸಿಕ್ಕಿದ್ದು ಬಹುಪಾಲು ದಾಳಿಗೆ ಹೋಗಿ ಸವೆದ ವಿಮಾನಗಳು. ಕಾಯುವ ಸಮಯವೂ ಇರಲಿಲ್ಲ. ವೌನ್ ರಿದ್ ದುರಂತಕ್ಕೆ ಐದು ವಾರ ಮೊದಲು ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರ ಬಾಂಬರ್‌ಗಳ ದಾಳಿ ನಡೆದಾಗ, ಸಂಖ್ಯೆ ತುಂಬಿಸಲು ಮೂರನೇ ಒಂದರಷ್ಟು ವಿಮಾನಗಳನ್ನು ಇಂಥ ಘಟಕಗಳಿಂದಲೇ ತರಲಾಗಿತ್ತು.

ಬ್ರಿಟನ್ ವಾಯುಪಡೆಯ ಬಾಂಬರ್ ವಿಭಾಗವಾದ ಬಾಂಬರ್ ಕಮಾಂಡ್‌ನ ಸುಮಾರು 1,25,000 ವೈಮಾನಿಕರಲ್ಲಿ 55,573 ಮಂದಿ ಸತ್ತರು. ತರಬೇತಿಯಲ್ಲೇ ಸತ್ತವರು 5,000ಕ್ಕೂ ಹೆಚ್ಚು. ಇವರನ್ನು ಅಪಘಾತದ ಲೆಕ್ಕಕ್ಕೆ ಬರೆದು ಪಕ್ಕಕ್ಕಿಡುವುದು ಅನ್ಯಾಯ. ಆತುರ, ಹಳೆಯ ಯಂತ್ರ, ದೀಪವಿಲ್ಲದ ನೆಲ ಎಲ್ಲವೂ ಯುದ್ಧವೇ ತಂದವು.

ನೆರವು ಇರಲಿಲ್ಲವೆಂದಲ್ಲ. ವಾಯುನೆಲೆಗಳ ಬಳಿ ಕೆಂಪು ದೀಪಗಳು ಮೋರ್ಸ್ ಅಕ್ಷರಗಳಲ್ಲಿ ಮಿನುಗುತ್ತಿದ್ದವು. ದಾರಿ ತಪ್ಪಿದವರಿಗೆ ದಾರಿ ತೋರಿಸಲು ಸರ್ಚ್‌ಲೈಟ್‌ಗಳನ್ನು ಆಕಾಶಕ್ಕೆ ಚಾಚುತ್ತಿದ್ದರು. ದಟ್ಟ ಮೋಡದೊಳಗೆ ಇವು ಯಾವುವೂ ಕಾಣುತ್ತಿರಲಿಲ್ಲ.

ಬೆಟ್ಟಕ್ಕೆ ಬಡಿದ ಮೇಲೂ ಕೆಲವರು ಬದುಕಿರುತ್ತಿದ್ದರು. ಅವರನ್ನು ತಲುಪುವ ತರಬೇತಿ ಯಾರಿಗೂ ಇರಲಿಲ್ಲ. ವೇಲ್ಸ್‌ನ ಲ್ಯಾಂಡ್‌ರೋಗ್ ವಾಯುನೆಲೆಯ ವೈದ್ಯಾಧಿಕಾರಿ ಜಾರ್ಜ್ ಗ್ರಹಾಂ ತಾವೇ ಒಂದು ತಂಡ ಕಟ್ಟಿಕೊಂಡು, ಹಗ್ಗ, ಸ್ಟ್ರೆಚರ್ ಹೊತ್ತು ಬೆಟ್ಟ ಹತ್ತಿದರು. 1943ರಲ್ಲಿ ಅದಕ್ಕೆ ವಾಯುಪಡೆಯ ಪರ್ವತ ರಕ್ಷಣಾ ಸೇವೆ ಎಂಬ ಅಧಿಕೃತ ರೂಪ ಸಿಕ್ಕಿತು. ಆ ಸೇವೆ ಇಂದಿಗೂ ಇದೆ.