ತಾಳಿ ಬೇಡವೆಂದವರು, ಕಾಗದ ಕೇಳುವ ಕೋರ್ಟು

ಮದುವೆಯಾಗದೆ ಒಂದೇ ಸೂರಿನಡಿ ಬಾಳುವುದು ಐಟಿ ಕಂಪನಿಗಳ ಹಿಂದೆಯೇ ಬಂದ ಚಾಳಿ ಎಂದು ನಂಬಿದವರು ಬಹಳ. ಜಾರ್ಖಂಡದ ಆದಿವಾಸಿ ಹಳ್ಳಿಗಳಲ್ಲಿ ಊರಿಗೆಲ್ಲ ಮದುವೆಯೂಟ ಹಾಕಿಸಲು ದುಡ್ಡಿಲ್ಲದವರು ಹಾಗೆಯೇ ಸಂಸಾರ ಹೂಡುತ್ತ ಬಂದಿದ್ದಾರೆ. ಅದಕ್ಕೆ 'ಢುಕು' ಎಂಬ ಹೆಸರೂ ಇದೆ. ಸುಮಾರು 50 ವರ್ಷ ಜೊತೆಗಿದ್ದವರನ್ನು ದಂಪತಿಯೆಂದೇ ತಿಳಿಯಬೇಕು, ಅಲ್ಲವೆನ್ನುವವರೇ ಸಾಬೀತು ಮಾಡಲಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ.

ಗೋಜಲಾದದ್ದು ಆಮೇಲೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 'ಮದುವೆಯ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತು. ಆ ಸ್ವರೂಪ ಎಂಥದ್ದೆಂದು ಬಿಡಿಸಿ ಹೇಳಲಿಲ್ಲ. ಮದುವೆಗೆ ಮುಂಚಿನ ಸಂಬಂಧದ ಬಗ್ಗೆ ಆಡಿದ ಮಾತಿಗಾಗಿ ನಟಿ ಖುಷ್ಬೂ ಮೇಲೆ ಹೂಡಿದ್ದ ಮೊಕದ್ದಮೆಗಳನ್ನು 2010ರಲ್ಲಿ ರದ್ದುಮಾಡುತ್ತ, ವಯಸ್ಕರು ಕೂಡಿ ಬಾಳುವುದು ಅಪರಾಧವಲ್ಲವೆಂದಿತು ಕೋರ್ಟು. ಅಪರಾಧವಲ್ಲ, ಸರಿ. ಹಕ್ಕು?

ಅದಕ್ಕೆ ಉತ್ತರ ಸಿಕ್ಕಿದ್ದು ಬೆಂಗಳೂರಿನ ಪ್ರಕರಣವೊಂದರಲ್ಲಿ. ಒಂದೇ ಕಂಪನಿಯಲ್ಲಿದ್ದ ಇಬ್ಬರು 1992ರಲ್ಲಿ ಜೊತೆಗಿರತೊಡಗಿದರು. ಆಕೆ ಅವಿವಾಹಿತೆ, ಆತನಿಗೆ ಹೆಂಡತಿ, ಇಬ್ಬರು ಮಕ್ಕಳು. ಆತ ಬಿಟ್ಟುಹೋದ ಮೇಲೆ ಮ್ಯಾಜಿಸ್ಟ್ರೇಟ್ ಆಕೆಗೆ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು. ಹೈಕೋರ್ಟ್ ಅದನ್ನು ತಳ್ಳಿಹಾಕಿತು. 2013ರಲ್ಲಿ ಸುಪ್ರೀಂ ಕೋರ್ಟೂ, ಆತ ವಿವಾಹಿತನೆಂದು ಗೊತ್ತಿದ್ದೇ ಹೋದವಳು ಆಕೆ ಎಂದು ಹೈಕೋರ್ಟಿನ ಮಾತನ್ನೇ ಎತ್ತಿಹಿಡಿಯಿತು. ಗೊತ್ತಿದ್ದೇ ಹೆಂಡತಿಯನ್ನು ಬಿಟ್ಟು ಬಂದವನಿಗೆ ಮಾತ್ರ ಕೊಡಬೇಕಾದದ್ದು ಏನೂ ಉಳಿಯಲಿಲ್ಲ.

ಇನ್ನು ಮುಂದೆ ನೋಡಬೇಕಾದ ಅಂಶಗಳ ಪಟ್ಟಿಯೂ ಆ ತೀರ್ಪಿನಲ್ಲೇ ಇದೆ: ಎಷ್ಟು ಕಾಲ ಜೊತೆಗಿದ್ದರು, ಜಂಟಿ ಬ್ಯಾಂಕ್ ಖಾತೆ ಇತ್ತೇ, ಮನೆಗೆಲಸ ಯಾರು ಮಾಡುತ್ತಿದ್ದರು, ನಾಲ್ಕು ಜನರ ಮುಂದೆ ಗಂಡ ಹೆಂಡತಿಯಂತೆ ಓಡಾಡಿದರೇ. ಎಂದರೆ, ಮನೆ ಓನರಿಗೆ 'ನಾವು ಗಂಡ ಹೆಂಡತಿ' ಎಂದು ಸುಳ್ಳು ಹೇಳಿದ್ದವಳಿಗೆ ಆ ಸುಳ್ಳೇ ಸಾಕ್ಷಿ. 'ಮದುವೆಯಾಗಿಲ್ಲ' ಎಂದು ನಿಜ ಹೇಳಿದವಳ ಕೈ ಖಾಲಿ. ಕಾಗದಪತ್ರದ ರಗಳೆಯೇ ಬೇಡವೆಂದು ಹೊರಟವರು ಜಗಳವಾದ ದಿನ ಗ್ಯಾಸ್ ಬಿಲ್ಲು, ಪಾಸ್‌ಬುಕ್ಕು ತಡಕಾಡುವಂತಾಯಿತು. ಹಾಗೆ ತಡಕಾಡುವವಳು ಹೆಚ್ಚಾಗಿ ಹೆಣ್ಣೇ.

ಉತ್ತರಾಖಂಡದ ಏಕರೂಪ ನಾಗರಿಕ ಸಂಹಿತೆ 2025ರ ಜನವರಿಯಲ್ಲಿ ಜಾರಿಯಾಯಿತು. ಬಿಟ್ಟುಹೋದವನಿಂದ ಜೀವನಾಂಶ ಕೇಳಲು ಅಲ್ಲಿ ದಾರಿಯಿದೆ. ಆದರೆ ಜೊತೆಗಿರತೊಡಗಿದ ತಿಂಗಳೊಳಗೆ ಸಂಬಂಧವನ್ನು ನೋಂದಾಯಿಸದಿದ್ದರೆ ಮೂರು ತಿಂಗಳವರೆಗೂ ಜೈಲಾಗಬಹುದು. ವಯಸ್ಸು 21 ತುಂಬದಿದ್ದರೆ ಅಪ್ಪ ಅಮ್ಮನಿಗೆ ಸುದ್ದಿ ಹೋಗುತ್ತದೆ. ಮನೆಯವರಿಗೆ ಹೆದರಿ ಓಡಿಬಂದವರು ಆ ಅರ್ಜಿ ತುಂಬುವುದು ಹೇಗೆ?

ಬೆಂಗಳೂರಿನಲ್ಲಿ ಅಂಥ ನೋಂದಣಿ ಇಲ್ಲ. 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡು ಇದೆ. ಬಾಡಿಗೆ ಕರಾರಿನಲ್ಲಿ ಒಬ್ಬರದೇ ಹೆಸರು. ಇನ್ನೊಬ್ಬರು ಓನರ್ ಆಂಟಿಯ ಲೆಕ್ಕದಲ್ಲಿ 'ಕಸಿನ್'.