ಸೇವಾಕ್ಷೇತ್ರಕ್ಕೆ ಹೊರಟವರ ಮಕ್ಕಳ ಶಾಲೆ: ಲೆಕ್ಕ ಶುರುವಾಗಬೇಕಾದದ್ದು ಮರಳುವ ವರ್ಷದಿಂದ

ವಿದೇಶದ ಕ್ರೈಸ್ತ ಸೇವಾಕ್ಷೇತ್ರಕ್ಕೆ ನೇಮಕಗೊಂಡ ಸಭಾಪಾಲಕರಾಗಲಿ, ಇಲ್ಲಿನ ಮಿಷನ್ ಆಸ್ಪತ್ರೆಗಳಲ್ಲಿ ದುಡಿದು ಈಗ ಆಫ್ರಿಕಾಕ್ಕೆ ಹೊರಟ ವೈದ್ಯ ದಂಪತಿಗಳಾಗಲಿ, ಶೈಕ್ಷಣಿಕ ಸಲಹೆಗೆಂದು ಮೈಸೂರಿನ ನನ್ನ ಕಚೇರಿಗೆ ಬಂದಾಗ ಕೇಳುವ ಮೊದಲ ಪ್ರಶ್ನೆ, ಅಲ್ಲಿ ಒಳ್ಳೆಯ ಶಾಲೆ ಯಾವುದು ಎಂಬುದು. ನೀವು ಮರಳಿ ಬರುವಾಗ ಮಗು ಎಷ್ಟನೆಯ ತರಗತಿಯಲ್ಲಿರುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ. ಸೇವೆಯ ಅವಧಿ ದೇವರ ಚಿತ್ತ ಎನ್ನುತ್ತಾರೆ. ನಂಬಿಕೆಯ ಮಾತಾಗಿ ಅದನ್ನು ಗೌರವಿಸುತ್ತೇನೆ, ಆದರೆ ಪ್ರವೇಶದ ಅರ್ಜಿಯಲ್ಲಿ ಹಾಗೆ ಬರೆಯಲು ಬರುವುದಿಲ್ಲ. ಅಂದಾಜಿಗಾದರೂ ಒಂದು ವರ್ಷವನ್ನು ಗುರುತಿಸಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದರೆ ಮಾತ್ರ ಶಾಲೆಯ ಆಯ್ಕೆ ಹದಕ್ಕೆ ಬರುತ್ತದೆ.

ಈ ಲೆಕ್ಕದಲ್ಲಿ ಮುಖ್ಯವಾದದ್ದು ಸಿಇಟಿಯ ಅರ್ಹತಾ ನಿಯಮ. ಕರ್ನಾಟಕದ ಅಭ್ಯರ್ಥಿಯಾಗಿ ವೃತ್ತಿಶಿಕ್ಷಣದ ಸೀಟು ಪಡೆಯಲು, 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ವರ್ಷ ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಓದಿರಬೇಕು. 10ನೇ ಅಥವಾ 12ನೇ ತರಗತಿಯ ಪರೀಕ್ಷೆಯನ್ನು ಇಲ್ಲಿಯೇ ಪಾಸು ಮಾಡಿರಬೇಕು. 5ನೇ ತರಗತಿ ಮುಗಿಸಿ ಹೋಗಿ 10ಕ್ಕೆ ಮರಳುವ ಮಗುವಿಗೆ 8 ವರ್ಷಗಳಾಗುತ್ತವೆ, ಚಿಂತೆಯಿಲ್ಲ. 2ನೇ ತರಗತಿ ಮುಗಿಸಿ ಹೋಗಿ 9ಕ್ಕೆ ಮರಳುವ ಮಗುವಿಗೆ 6 ವರ್ಷಗಳಷ್ಟೇ ಸಿಗುತ್ತವೆ. ಅಂಥವರಿಗೆ ಇನ್ನೊಂದು ದಾರಿಯೂ ಇದೆ: ತಂದೆ ತಾಯಿಯರಲ್ಲಿ ಒಬ್ಬರು ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷಗಳನ್ನು ಇಲ್ಲಿಯೇ ಓದಿ ಪಾಸಾಗಿರಬೇಕು. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗಳಿಗೆ ಮಾತ್ರ ಇಂಥ ಸಡಿಲಿಕೆಯಿಲ್ಲ. ಅವು 1ರಿಂದ 10ರವರೆಗಿನ ಪೂರ್ತಿ ಓದನ್ನು ಕೇಳುವುದರಿಂದ, ಮಳವಳ್ಳಿ ಅಥವಾ ನಾಗಮಂಗಲದ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದುತ್ತಿರುವ ಮಗು ನಡುವೆ ಒಂದೇ ವರ್ಷ ಹೊರದೇಶದಲ್ಲಿ ಕಲಿತರೂ ಆ ಸೌಲಭ್ಯ ಕೈತಪ್ಪುತ್ತದೆ. ಇದನ್ನು ಹೊರಡುವ ಮೊದಲೇ ತಿಳಿದಿರಬೇಕು.

ಹಾಗಿದ್ದರೆ ಮಗುವನ್ನು ಊಟಿಯಲ್ಲಿ ಬಿಟ್ಟು ಹೋಗುತ್ತೇವೆ, ತಾತ ಅಜ್ಜಿ ಮೈಸೂರಿನಲ್ಲೇ ಇದ್ದಾರಲ್ಲ ಎನ್ನುವವರಿದ್ದಾರೆ. ಊಟಿಯ ಹೆಬ್ರಾನ್ ಶಾಲೆ 1899ರಲ್ಲಿ, ಈಗಿನ ಕೊಡೈಕೆನಾಲ್ ಇಂಟರ್‌ನ್ಯಾಷನಲ್ ಶಾಲೆ 1901ರಲ್ಲಿ ಮಿಷನರಿಗಳ ಮಕ್ಕಳಿಗಾಗಿಯೇ ಆರಂಭವಾದವು; ಮೊದಲನೆಯದರಲ್ಲಿ ಬ್ರಿಟಿಷ್ ಪಠ್ಯಕ್ರಮ, ಎರಡನೆಯದರಲ್ಲಿ ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಇದೆ. ಆದರೆ ಎರಡೂ ಊರುಗಳು ತಮಿಳುನಾಡಿನಲ್ಲಿವೆ. ಗುಂಡ್ಲುಪೇಟೆ ದಾಟಿ ಅರ್ಧ ದಿನದಲ್ಲಿ ತಲುಪುವಷ್ಟು ಹತ್ತಿರವಿದ್ದರೂ, ಊಟಿಯಲ್ಲಿ ಕಳೆದ ವರ್ಷಗಳು ಆ 7ರ ಲೆಕ್ಕಕ್ಕೆ ಸೇರುವುದಿಲ್ಲ. (ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ, ಅಪರಾತ್ರಿ ಹಾಸ್ಟೆಲಿನಿಂದ ಕರೆ ಬಂದರೆ ತಾತನವರು ಬೆಳಗಾಗುವವರೆಗೆ ಕಾಯಬೇಕಾದೀತು.) ಹತ್ತು ವರ್ಷ ತುಂಬದ ಮಗುವಿಗೆ ನಾನಂತೂ ವಸತಿ ಶಾಲೆಯನ್ನು ಸೂಚಿಸುವುದಿಲ್ಲ. ಮಿಷನರಿಯ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಓದಿ, 1860ರಲ್ಲಿ ಮರಳಿ ಬಂದು ನಮ್ಮ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಅವರ ಹೆಸರನ್ನು ಈ ಸಂದರ್ಭದಲ್ಲಿ ಎತ್ತುವವರುಂಟು. ಅವರು ದೊಡ್ಡವರಾದದ್ದು ನಿಜ, ಆದರೆ ಹೆತ್ತವರಿಂದ ದೂರ ಬೆಳೆದ ಎಲ್ಲ ಮಕ್ಕಳ ಕಥೆಯೂ ಅದೇ ಅಲ್ಲ.

ಮಗುವನ್ನು ಜೊತೆಗೇ ಕರೆದೊಯ್ಯುವವರಿಗೆ, ಹೋಗುವ ಊರಿನಲ್ಲಿ ಸಿಬಿಎಸ್‌ಇ ಶಾಲೆಯಿದ್ದರೆ ಕೆಲಸ ಹಗುರ. ನೇಪಾಳದಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ಅಂಥ ಶಾಲೆಗಳಿವೆ. ಕೀನ್ಯಾದ ಕಿಜಾಬೆಯಲ್ಲಿ 1906ರಿಂದ ನಡೆಯುತ್ತಿರುವ ರಿಫ್ಟ್ ವ್ಯಾಲಿ ಅಕಾಡೆಮಿಯಂಥ ಮಿಷನ್ ಶಾಲೆಗಳಲ್ಲಿ ಪಠ್ಯಕ್ರಮ ಅಮೆರಿಕದ್ದು. ಅಲ್ಲಿ ಮುಗಿಸಿ ಬಂದವರು ವಿದೇಶದ ಓದನ್ನು ಇಲ್ಲಿನ 12ನೇ ತರಗತಿಗೆ ಸಮನೆಂದು ಒಪ್ಪುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತೆಯ ನಿಯಮಗಳನ್ನು ದಾಟಬೇಕಾಗುವುದರಿಂದ, ವಿಷಯಗಳನ್ನು ಆರಿಸುವಾಗಲೇ ಅವನ್ನು ಓದಿಕೊಂಡಿರಬೇಕು. ಬ್ರಿಟಿಷ್ ಪದ್ಧತಿಯಲ್ಲಿ ಪಿಯುಸಿಯ ಹಂತದ ಓದಾದ ಎ ಲೆವೆಲ್‌ನಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೂರೇ ವಿಷಯಗಳನ್ನು ಆರಿಸಿಕೊಳ್ಳುತ್ತಾರೆ. ಹದಿನಾರನೆಯ ವಯಸ್ಸಿನಲ್ಲಿ ರಸಾಯನಶಾಸ್ತ್ರವನ್ನು ಬಿಟ್ಟ ಹುಡುಗಿಗೆ ಮುಂದೆ ನೀಟ್ ಬರೆಯಬೇಕೆನಿಸಿದರೆ ದಾರಿ ಕಠಿಣವಾಗುತ್ತದೆ.

ಮನೆಯಲ್ಲೇ ಕಲಿಸುತ್ತೇವೆ ಎನ್ನುವವರು ಆ ದೇಶದ ಕಾನೂನನ್ನು ಮೊದಲು ನೋಡಬೇಕು. ಜರ್ಮನಿಯಲ್ಲಿ ಮಕ್ಕಳು ಶಾಲೆಗೆ ಹೋಗುವುದು ಕಡ್ಡಾಯ. ಅನುಮತಿಯಿರುವ ಕಡೆ, 14 ವರ್ಷ ತುಂಬಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು.

ಮರಳಿದ ಮೇಲೆ ಹೆಚ್ಚಿನ ಮಕ್ಕಳು ಎಡವುವುದು ಗಣಿತದಲ್ಲಲ್ಲ, ಕನ್ನಡದಲ್ಲಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ನಾಲ್ಕೈದು ವರ್ಷ ಅಕ್ಷರವನ್ನೇ ಕಾಣದ ಮಗು ನೇರವಾಗಿ ಎಂಟನೆಯ ತರಗತಿಯ ಪದ್ಯಭಾಗದ ಮುಂದೆ ಕೂರುತ್ತದೆ. ಈ ಕುಟುಂಬಗಳಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಹೇಗೂ ನಡೆಯುತ್ತದೆ. ಅಲ್ಲಿ ಕನ್ನಡ ಬೈಬಲ್ಲಿನ ಭಾಗವನ್ನು ಮಗುವೇ ಗಟ್ಟಿಯಾಗಿ ಓದುವಂತೆ ಮಾಡಿದರೆ ಅಕ್ಷರ ಮರೆಯುವುದಿಲ್ಲ. ಆದರೆ ಬೈಬಲ್ಲಿನ ಕನ್ನಡಕ್ಕೂ ಪರೀಕ್ಷೆಯ ಕನ್ನಡಕ್ಕೂ ಅಂತರವಿರುವುದರಿಂದ, ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಆಯಾ ತರಗತಿಯ ಕನ್ನಡ ಪುಸ್ತಕವನ್ನೂ ವಾರಕ್ಕೊಂದು ಪಾಠದಂತೆ ಓದಿಸಬೇಕು; ಓದಿಸಿದರೆ ಸಾಲದು, ಬರೆಸಲೂ ಬೇಕು.

ಹೊರಡುವ ತಿಂಗಳಲ್ಲಿ ಟಿಸಿಯೊಂದಿಗೆ ಸ್ಯಾಟ್ಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೂ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಅಲ್ಲಿಯವರೆಗೆ ಓದಿದ ಪ್ರತಿ ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿಕೊಳ್ಳಿ. ಸಿಇಟಿಯ ದಾಖಲೆ ಪರಿಶೀಲನೆಯಲ್ಲಿ ಕೇಳುವುದು ಆ ಸಹಿಯನ್ನು. ಅಷ್ಟು ವರ್ಷಗಳಾದ ಮೇಲೆ ಹಳೆಯ ಶಾಲೆಯೇ ಮುಚ್ಚಿದ್ದರೆ ಆ ಕಾಗದಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ.