‘ಥ್ಯಾಂಕ್ಸ್ ಲವ್’ ಅಂದರೆ ಏನರ್ಥ?

ಪ್ರಶ್ನೆ: ಮಾರತ್ತಹಳ್ಳಿಯ ಕಾಲ್ ಸೆಂಟರ್ ಒಂದರಲ್ಲಿ ಕೆಲಸಕ್ಕೆ ಸೇರಿದ್ದೇನೆ. ಇಂಗ್ಲೆಂಡಿನ ಗ್ರಾಹಕರು ಫೋನ್ ಇಡುವಾಗ ‘ಥ್ಯಾಂಕ್ಸ್ ಲವ್’ ಅನ್ನುತ್ತಾರೆ. ಮೊನ್ನೆ ವಯಸ್ಸಾದವರೊಬ್ಬರು ಮಾತಿನುದ್ದಕ್ಕೂ ಹಾಗೇ ಕರೆದರು. ಏನಂದುಕೊಳ್ಳಬೇಕು? ನಾನೂ ತಿರುಗಿ ಹಾಗೇ ಅನ್ನಬಹುದಾ?

ಉತ್ತರ: ಗಾಬರಿ ಬೇಡ, ಅವರು ಪ್ರಪೋಸ್ ಮಾಡುತ್ತಿಲ್ಲ. ನಮ್ಮ ಆಟೋದವರು ಗುರುತು ಪರಿಚಯ ಇಲ್ಲದವರನ್ನೂ ‘ಎಲ್ಲಿಗೆ ಗುರು?’ ಅಂತ ಕೇಳುತ್ತಾರಲ್ಲ, ಇದೂ ಹಾಗೇ. ಬಾಯಿಗೆ ರೂಢಿಯಾದ ಮಾತು. ಇಂಗ್ಲೆಂಡಿನ ಉತ್ತರದ ಕಡೆ ಇದು ಜಾಸ್ತಿ. ಯಾರ್ಕ್‌ಶೈರ್‌ನಲ್ಲಂತೂ ಗಂಡಸರು ಗಂಡಸರನ್ನೇ ‘ಲವ್’ ಅಂತ ಕರೆಯುವುದುಂಟು. ಊರು ಬದಲಾದರೆ ಪದವೂ ಬೇರೆ. ನ್ಯೂಕಾಸಲ್ ಕಡೆಯವರು ‘ಪೆಟ್’ ಅನ್ನುತ್ತಾರೆ, ನಾಟಿಂಗ್‌ಹ್ಯಾಮ್, ಡರ್ಬಿ ಕಡೆಯವರು ‘ಡಕ್’ ಅನ್ನುತ್ತಾರೆ. ಬಾತುಕೋಳಿ ಅಂದರು ಅಂತ ಬೇಜಾರಾಗಬೇಡಿ.

ನಿಮಗೆ ಮುಜುಗರ ಆಗೋದಕ್ಕೆ ಕಾರಣ ಇಂಗ್ಲಿಷಿಗಿಂತ ಕನ್ನಡದಲ್ಲಿದೆ ಅನ್ನಿಸುತ್ತೆ. ‘ಲವ್’ ಅನ್ನೋ ಪದವನ್ನು ನಾವು ತಗೊಂಡಿದ್ದೇನೋ ಹೌದು, ಆದರೆ ಅದರ ಒಂದೇ ಅರ್ಥ ಇಟ್ಟುಕೊಂಡೆವು. ‘ಅವರಿಬ್ಬರೂ ಲವ್ ಮಾಡ್ತಿದ್ದಾರೆ’ ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಮ್ಮನಿಗೆ ಫೋನಿನಲ್ಲಿ ‘ಲವ್ ಯೂ ಅಮ್ಮ’ ಅನ್ನುವ ಹುಡುಗರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಆದರೆ ‘ಅಮ್ಮನ್ನ ಲವ್ ಮಾಡ್ತೀನಿ’ ಅಂತ ಒಬ್ಬರೂ ಹೇಳಲ್ಲ, ಅಲ್ವಾ? ಇಂಗ್ಲಿಷಿನವರಿಗೆ ಅಮ್ಮ, ನಾಯಿ, ಮಸಾಲೆದೋಸೆ ಎಲ್ಲದಕ್ಕೂ ಅದೇ ಕ್ರಿಯಾಪದ ಸಾಕು. ‘ಐ ಲವ್ಡ್ ಯುವರ್ ರಿಪೋರ್ಟ್’ ಅಂದರೆ ರಿಪೋರ್ಟ್ ತುಂಬ ಇಷ್ಟ ಆಯಿತು, ಅಷ್ಟೇ. ‘ಐ ವುಡ್ ಲವ್ ಟು’ ಅಂದರೆ ಖುಷಿಯಿಂದ ಮಾಡ್ತೀನಿ ಅಂತ.

ಪ್ರೀತಿಯ ಸುಳಿವೇ ಇಲ್ಲದ ಕಡೆಯೂ ಈ ಪದ ಬರುತ್ತೆ. ಕಬ್ಬನ್ ಪಾರ್ಕಿನ ಟೆನಿಸ್ ಕೋರ್ಟಿನಲ್ಲಿ ‘ಫಿಫ್ಟೀನ್ ಲವ್’ ಅಂತ ಕೂಗಿದರೆ ಅಲ್ಲಿ ಲವ್ ಅಂದರೆ ಸೊನ್ನೆ. ಎಡವಟ್ಟಾಗುವ ಇನ್ನೊಂದು ಮಾತಿದೆ: ‘ದೇರ್ ಈಸ್ ನೋ ಲವ್ ಲಾಸ್ಟ್ ಬಿಟ್ವೀನ್ ದೆಮ್’. ಪ್ರೀತಿ ಹಾಗೇ ಉಳಿದಿದೆ ಅಂತ ಓದಿಕೊಂಡೀರಿ! ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗಲ್ಲ ಅಂತ ಅದರ ಅರ್ಥ. ಅಂದಹಾಗೆ, ಬೇರು ಹುಡುಕುತ್ತಾ ಹೋದರೆ ಈ ‘ಲವ್’ ನಮಗೆ ಗೊತ್ತಿರುವ ‘ಲೋಭ’ಕ್ಕೆ ದೂರದ ನೆಂಟ. ಲೋಭ ಬಂದಿರುವ ಸಂಸ್ಕೃತದ ‘ಲುಭ್’ಗೂ ಇದಕ್ಕೂ ಮೂಲ ಒಂದೇ.

ಇನ್ನು, ತಿರುಗಿ ಹಾಗೇ ಅನ್ನಬಹುದಾ? ಬೇಡ. ಗ್ರಾಹಕರ ಬಾಯಲ್ಲಿ ಅದು ಸಲೀಸು, ಕೆಲಸದಲ್ಲಿರುವ ನಿಮ್ಮ ಬಾಯಲ್ಲಿ ಸಲಿಗೆ ಆಗುತ್ತೆ. ಆಫೀಸಿನಲ್ಲಿ ಹೀಗೆ ಕರೆದರೆ ಅಲ್ಲಿನ ಎಷ್ಟೋ ಹೆಂಗಸರಿಗೂ ಇಷ್ಟವಾಗಲ್ಲ. ‘ಯು ಆರ್ ವೆಲ್ಕಮ್’ ಅಂದು ಫೋನ್ ಇಡಿ. ಆದರೆ ಯಾರಾದರೂ ‘ಲವ್’ ಅಂತ ಶುರುಮಾಡಿ ನಿಮ್ಮ ಮನೆ, ಮದುವೆ ವಿಷಯಕ್ಕೆ ಇಳಿದರೆ ಅದು ರೂಢಿಯ ಮಾತಲ್ಲ. ಆ ಕಾಲ್ ಅನ್ನು ಸುಮ್ನೆ ಸಹಿಸಿಕೊಳ್ಳದೆ ಟೀಮ್ ಲೀಡರ್‌ಗೆ ಒಪ್ಪಿಸಿ.